ಸ್ಕ್ಯಾನಿಂಗ್ ಸೆಂಟರಿನಲ್ಲಿ ಬಯಕೆ ಊಟ

ಆ ಬೆಳಿಗ್ಗೆ ಮಂಡ್ಯದ ಸ್ಕ್ಯಾನಿಂಗ್ ಸೆಂಟರಿನ ಉದ್ದನೆಯ ಬೆಂಚಿನ ಮೇಲೆ ನಾವು ಐದು ಜನ ಕೂತಿದ್ದೆವು. ಗೋಡೆ ಕಡೆಯಿಂದ ಹೇಳುತ್ತಾ ಬಂದರೆ, ಮೊದಲು ನನ್ನಕ್ಕ, ಯಲಿಯೂರಿನವಳು. ಅವಳಿಗೆ ಒತ್ತಿಕೊಂಡು ಅವಳ ಒಬ್ಬಳೇ ಮಗಳು, ಐದು ತುಂಬಿದ ಬಸುರಿ. ಮಗಳ ಪಕ್ಕ ಅವಳ ಗಂಡ. ಅವನಿಗೆ ಶಿವನಸಮುದ್ರದ ವಿದ್ಯುತ್ ಕೇಂದ್ರದಲ್ಲಿ ಪಾಳಿ ಕೆಲಸ. ಪಾಳಿ ಮುಗಿಸಿ ಮಳವಳ್ಳಿ ಮೇಲೆ ಬೈಕಿನಲ್ಲಿ ನೇರ ಬಂದಿದ್ದರಿಂದ ಕೂತಲ್ಲೇ ತೂಕಡಿಸುತ್ತಿದ್ದ. ಅವನ ಪಕ್ಕ ಅವನ ತಾಯಿ, ಅಂದರೆ ನಮ್ಮ ಬೀಗಿತಿ, ಕೊಪ್ಪದವರು. ಗಂಡ ತೀರಿಕೊಂಡ ಮೇಲೆ ಗದ್ದೆ, ಕಬ್ಬು, ಹಸು ಎಲ್ಲವನ್ನೂ ಒಬ್ಬರೇ ನೋಡಿಕೊಂಡು ಬಂದ ಹೆಂಗಸು. ಅವರು ಮೆಲ್ಲಗೆ ಮಾತಾಡಿದರೆ ಪಕ್ಕದ ಗದ್ದೆಗೆ ಕೇಳುತ್ತದೆ, ಜೋರಾಗಿ ಮಾತಾಡಿದರೆ ಪಕ್ಕದ ಊರಿಗೆ. ಕೊನೆಯಲ್ಲಿ ನಾನು, ಬಸುರಿಯ ಚಿಕ್ಕವ್ವ, ಮದ್ದೂರಿನ ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿಕೊಡುವವಳು.

ನಮ್ಮ ಕಾಲ ಬಳಿ, ಆರನೆಯವರ ಹಾಗೆ, ಒಂದು ದೊಡ್ಡ ಬಿದಿರಿನ ಬುಟ್ಟಿ ಕೂತಿತ್ತು. ಮೇಲೆ ಹಸಿರು ರವಿಕೆ ಬಟ್ಟೆ ಮುಚ್ಚಿತ್ತು. ಒಳಗಿಂದ ಬರುತ್ತಿದ್ದ ಒಬ್ಬಟ್ಟಿನ ಘಮಕ್ಕೆ ಎದುರು ಬೆಂಚಿನ ಬಸುರಿಯರೆಲ್ಲ ಒಬ್ಬೊಬ್ಬರಾಗಿ ನಮ್ಮ ಕಡೆ ತಿರುಗುತ್ತಿದ್ದರು.

ಆ ಬುಟ್ಟಿ ಅಲ್ಲಿಗೆ ಹೇಗೆ ಬಂತು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ನಮ್ಮ ಕಡೆ ಐದು ತಿಂಗಳು ತುಂಬಿದ ಹೆಣ್ಣಿಗೆ ಬಯಕೆ ಊಟ ಹಾಕುತ್ತಾರೆ. ತೌರಿನವರು ಬುತ್ತಿ ಕಟ್ಟಿಕೊಂಡು ಹೋಗಬೇಕು, ಹೊಸ ಬಳೆ ತೊಡಿಸಬೇಕು, ಅವಳು ಬಯಸಿದ್ದನ್ನೆಲ್ಲ ಎದುರಿಗಿಟ್ಟು ಉಣ್ಣಿಸಬೇಕು. ಅಕ್ಕ ಮತ್ತು ಬೀಗಿತಿ ಸೇರಿ, ಪಂಚಾಂಗ ನೋಡಿಸಿ, ಒಂದು ದಿನ ಗೊತ್ತು ಮಾಡಿದ್ದರು. ಆಮೇಲೆ ತಿಳಿಯಿತು, ಹೊಟ್ಟೆಯೊಳಗಿನ ಮಗುವಿನ ಹೃದಯವನ್ನೇ ಪ್ರತ್ಯೇಕವಾಗಿ ನೋಡುವ ಡಾಕ್ಟರು ಮಂಡ್ಯಕ್ಕೆ ಬರುವುದು ವಾರಕ್ಕೊಂದೇ ದಿನ, ಅದೂ ಅದೇ ದಿನ. ಮುಂದಿನ ವಾರಕ್ಕೆ ಹಾಕೋಣವೆಂದರೆ ನೋಡುವ ಕಾಲ ಮೀರುತ್ತದೆ ಎಂದರು. ಬಯಕೆಯನ್ನು ಮುಂದಕ್ಕೆ ಹಾಕಿ ಎಂದು ನಾನು ಬೀಗಿತಿಗೆ ಫೋನು ಮಾಡಿದೆ.

"ಅದ್ಯಾಕವ್ವ ಮುಂದ್ಕಾಕೋದು? ಬಸುರಿ ಎಲ್ಲವ್ಳೋ ಬಯಕೆನೂ ಅಲ್ಲೇ. ಮಂಡ್ಯಕ್ಕೋದ್ರೆ ಅವ್ಳ ಬಾಯಿ ಕೊಪ್ಪದಲ್ಲೇ ಉಳ್ಕತದಾ?"

"ಅದು ಆಸ್ಪತ್ರೆ ಥರದ ಜಾಗ, ಅಲ್ಲಿ ಊಟ ಮಾಡೋಕೆ ಬಿಡಲ್ಲ."

"ಮರ ಅದಾ ಅಲ್ಲಿ?"

"ಹೊಂಗೆ ಮರ ಇದೆ, ಹೊರಗಡೆ."

"ಇನ್ನೇನು ಬೇಕು? ಮುಗೀತು ಬುಡಿ," ಎಂದು ಫೋನು ಇಟ್ಟರು.

ಇನ್ನು ಆ ಸ್ಕ್ಯಾನು ಯಾಕೆ ಎಂಬುದು. ನನ್ನಕ್ಕನ ಮಗಳು ಹುಟ್ಟುವಾಗಲೇ ಅವಳ ಹೃದಯದಲ್ಲಿ ಒಂದು ತೂತಿತ್ತು. ಕೆಳಗಿನ ಎರಡು ಕೋಣೆಗಳ ನಡುವಿನ ಗೋಡೆ ಪೂರ್ತಿ ಎದ್ದಿರಲಿಲ್ಲ. ಇಸ್ಕೂಲಿಗೆ ಸೇರಿಸುವ ವಯಸ್ಸಿನಲ್ಲಿ ಆಪರೇಷನ್ ಮಾಡಿ ಮುಚ್ಚಿದರು. ಆಮೇಲೆ ಅವಳು ನಮ್ಮೆಲ್ಲರಿಗಿಂತ ಜೋರಾಗಿ ಸೈಕಲ್ ತುಳಿದಳು, ಕಬ್ಬಿನ ಗದ್ದೆಯಲ್ಲಿ ಓಡಿದಳು, ಓದಿದಳು. ಹೆಣ್ಣು ನೋಡಲು ಬಂದಾಗ ಅಕ್ಕ ಮುಚ್ಚಿಡದೆ ಎಲ್ಲ ಹೇಳಿದ್ದಳು. ಬೀಗಿತಿ ಕಾಫಿ ಲೋಟ ಕೆಳಗಿಡದೆ, "ರಿಪೇರಿ ಆದ ಮೋಟ್ರೇ ನಮ್ಮ ಬಾವೀಲಿ ಸಂದಾಗಿ ಓಡ್ತಾ ಇರೋದು. ಎಣ್ಣು ಕೊಡಿ," ಅಂದಿದ್ದರು. ಆ ಮಾತಿಗೆ ನಾವೆಲ್ಲ ಅವರಿಗೆ ಸೋತುಹೋಗಿದ್ದೆವು.

ಅವಳು ಬಸುರಿಯಾದಾಗ ಮಳವಳ್ಳಿಯಲ್ಲಿ ನೋಡುತ್ತಿದ್ದ ಡಾಕ್ಟರು, ತಾಯಿಗೆ ಹೀಗಿದ್ದುದರಿಂದ ಮಗುವಿನ ಹೃದಯವನ್ನೂ ಐದು ತುಂಬುವ ಹೊತ್ತಿಗೆ ಒಮ್ಮೆ ನೋಡಿಸಿ ಎಂದರು. ಹೆಚ್ಚಿನ ಪಾಲು ಚೆನ್ನಾಗಿಯೇ ಇರುತ್ತದೆ, ಉಳಿದವರಿಗಿಂತ ಸಂಭವ ಸ್ವಲ್ಪ ಹೆಚ್ಚು, ಅಷ್ಟೇ ಎಂದರು. ಡಾಕ್ಟರು ಹೇಳಿದ್ದರಲ್ಲಿ ಉಳಿದದ್ದೆಲ್ಲ ಗಾಳಿಗೆ ಹೋಗಿ, 'ಸ್ವಲ್ಪ ಹೆಚ್ಚು' ಎಂಬುದು ಮಾತ್ರ ಹುಡುಗಿಯ ಮನಸ್ಸಿನಲ್ಲಿ ನಿಂತಿತು.

ಒಂದು ಭಾನುವಾರ ನಾನು ಶಿವನಸಮುದ್ರದ ಅವರ ಕ್ವಾರ್ಟರ್ಸಿಗೆ ಹೋಗಿದ್ದೆ. ಅವಳು ಅವರೆಕಾಯಿ ಬಿಡಿಸುತ್ತಾ ಕೂತಿದ್ದಳು. ತಲೆ ಎತ್ತದೆ, "ಚಿಕ್ಕವ್ವ, ನನ್ನ ಮೂಗು ಬಂದ್ರೆ ಬರ್ಲಿ. ನನ್ನ ಕೋಪ ಬಂದ್ರೂ ಬರ್ಲಿ. ನನ್ನೆದೆ ಮಾತ್ರ ಈ ಮಗೀಗೆ ಬರೋದು ಬ್ಯಾಡ," ಅಂದಳು.

ನಾನು ಪಾಠ ಹೇಳಲು ಕಲಿತದ್ದು ಪುಸ್ತಕದಲ್ಲಿ, ಸಮಾಧಾನ ಹೇಳಲು ಕಲಿತದ್ದು ನಮ್ಮಜ್ಜಿಯ ಜಗಲಿಯಲ್ಲಿ. ಅಜ್ಜಿ ಯಾವತ್ತೂ "ಏನೂ ಆಗಲ್ಲ ಸುಮ್ಕಿರು" ಅಂದವಳಲ್ಲ. ಇದ್ದದ್ದನ್ನು ಕತೆಯ ಹಾಗೆ ಹೇಳುತ್ತಿದ್ದಳು. ಕತೆ ಮುಗಿಯುವಷ್ಟರಲ್ಲಿ ಹೆದರಿಕೆ ಅರ್ಧ ಇಳಿದಿರುತ್ತಿತ್ತು. ನಾನೂ ಅವರೆಕಾಯಿಗೆ ಕೈ ಹಾಕಿ ಹೇಳತೊಡಗಿದೆ. ಮೊದಲು ಎದೆಯೂ ಇಲ್ಲ, ಬೆನ್ನೂ ಇಲ್ಲ, ಅವರೆಕಾಳಿಗಿಂತ ಎಷ್ಟೋ ಸಣ್ಣದು. ಅದರಲ್ಲಿ ಕೆಲವು ಜೀವಕಣಗಳಿಗೆ ಒಂದು ಜೀನು, 'ನೀವು ಹೃದಯ ಆಗಿ' ಎಂದು ಅಪ್ಪಣೆ ಕೊಡುತ್ತದೆ. ಅವು ಸೇರಿ ಒಂದು ಕೊಳವೆ ಆಗುತ್ತವೆ. ಇನ್ನೊಂದಷ್ಟು ಜೀನುಗಳು ಸೇರಿ ಅದನ್ನು ಬಲಕ್ಕೆ ಬಾಗಿಸುತ್ತವೆ. ಬಾಗಿ ಮಡಿಸಿಕೊಂಡ ಮೇಲೆ ಮತ್ತೆ ಬೇರೆಯವು ಒಳಗೆ ಗೋಡೆ ಎಬ್ಬಿಸುತ್ತವೆ. ನೀನು ಬಸುರಿ ಎಂದು ನಿನಗೆ ಗೊತ್ತಾಗುವ ಹೊತ್ತಿಗೆ ಅದು ಆಗಲೇ ಬಡಿದುಕೊಳ್ಳುತ್ತಿರುತ್ತದೆ.

ಅವಳ ಗಂಡ ಅಲ್ಲಿಯವರೆಗೆ ಮೊಬೈಲು ನೋಡುತ್ತಿದ್ದವನು ಅದನ್ನು ಕೆಳಗಿಟ್ಟ. "ಚಿಕ್ಕತ್ತೆ, ಒಂದು ನಿಮಿಷ. ಮೊದಲ್ನೇ ಸಲ ಆನ್ ಮಾಡೋರು ಯಾರು?"

"ಯಾರೂ ಇಲ್ಲಪ್ಪ."

"ಅದೆಂಗಾದದು? ನಮ್ಮಲ್ಲಿ ನಿಂತೋದ ಮಿಷನ್ನು ಮತ್ತೆ ಕರೆಂಟು ಕೊಡ್ಬೇಕು ಅಂದ್ರೆ ಮೊದ್ಲು ಅದುಕ್ಕೇ ವಸಿ ಕರೆಂಟು ಕೊಡ್ಬೇಕು. ಬ್ಯಾಟ್ರಿನಾದ್ರೂ ಬೇಕು. ತಾಯಿ ಕಡೆಯಿಂದ ಲೈನ್ ಬರ್ತದಾ?"

"ತಾಯಿಯಿಂದ ಊಟ ಬರ್ತದೆ, ಗಾಳಿ ಬರ್ತದೆ. ಬಡಿತಕ್ಕೆ ಲೈನ್ ಬರಲ್ಲ. ಅಲ್ಲೊಂದು ಕಣ ಮಿಡಿಯುತ್ತೆ, ಇಲ್ಲೊಂದು ಮಿಡಿಯುತ್ತೆ, ಆಮೇಲೆ ಎಲ್ಲ ಜೊತೆಯಾಗಿ ಮಿಡಿಯೋಕೆ ಶುರು ಮಾಡ್ತವೆ."

ಅವನು ಹೆಂಡತಿಯ ಹೊಟ್ಟೆಯನ್ನು ಹೊಸದಾಗಿ ನೋಡುವವನಂತೆ ನೋಡಿದ. "ಗ್ರಿಡ್ಡೇ ಇಲ್ದೆ ಸ್ಟಾರ್ಟು," ಅಂದ. ಆಮೇಲೆ ಅದನ್ನೇ ಎರಡು ಸಲ ತನಗೆ ತಾನೇ ಹೇಳಿಕೊಂಡ. ಹುಡುಗಿ ನಕ್ಕಳು. ಆದರೆ ನಾನು ಹೊರಡುವಾಗ ಬಸ್ಸಿನವರೆಗೂ ಬಂದು, "ಗೋಡೆ ಎಬ್ಸೋ ಜೀನು ನಂದೇ ಓಗಿದ್ರೆ?" ಎಂದು ಕೇಳಿದಳು. ಹಾಗೂ ಆಗಬಹುದು, ಆಗದೆಯೂ ಇರಬಹುದು, ಅದಕ್ಕೇ ನೋಡೋಣ ಎಂದೆ.

ಹೀಗೆ ಆ ದಿನ ಬಂತು. ಹಿಂದಿನ ದಿನವೇ ಅಕ್ಕ ಬುತ್ತಿಯ ಸಾಮಾನಿನೊಂದಿಗೆ ಕೊಪ್ಪಕ್ಕೆ ಹೋಗಿದ್ದಳು, ಹುಡುಗಿಯೂ ಬಂದಿದ್ದಳು. ಬೆಳಿಗ್ಗೆ ಬಾಡಿಗೆ ಕಾರಿನಲ್ಲಿ ಹೊರಟು ಮದ್ದೂರಿನಲ್ಲಿ ನನ್ನನ್ನು ಹತ್ತಿಸಿಕೊಂಡರು. ದಾರಿಯಲ್ಲಿ ಒಂದು ಆಲೆಮನೆ ನಡೆಯುತ್ತಿತ್ತು. ಕಬ್ಬಿನ ಹಾಲು ಕುದಿಯುವ ಆ ವಾಸನೆ ಕಾರಿನ ಒಳಗೆಲ್ಲ ತುಂಬಿತು. "ಆಹಾ," ಎಂದು ಬೀಗಿತಿ ಕಿಟಕಿ ಇಳಿಸಿದರು. ಅಕ್ಕ ಸೆರಗನ್ನು ಮೂಗಿಗೆ ಒತ್ತಿಕೊಂಡು ಆ ಕಡೆ ತಿರುಗಿದಳು. ಹೊಗೆಗೆ ಕೆಮ್ಮು ಬರುತ್ತದೇನೋ ಎಂದುಕೊಂಡೆ.

ಡಾಕ್ಟರು ನಾನು ಎಣಿಸಿದ್ದಕ್ಕಿಂತ ಚಿಕ್ಕ ವಯಸ್ಸಿನ ಹೆಣ್ಣುಮಗಳು. ನಮ್ಮ ಸರದಿ ಬಂದಾಗ ಐದೂ ಜನ ಎದ್ದು ಒಳಗೆ ಹೋದೆವು. ಬಾಗಿಲಲ್ಲಿದ್ದ ನರ್ಸು ಬುಟ್ಟಿಯನ್ನು ಮಾತ್ರ ತಡೆದರು. ಡಾಕ್ಟರು ನಮ್ಮನ್ನೆಲ್ಲ ಒಮ್ಮೆ ನೋಡಿ, ಗೋಡೆಯ ಬೋರ್ಡು ತೋರಿಸಿ, "ಗಂಡೋ ಹೆಣ್ಣೋ ಅಂತ ಮಾತ್ರ ಕೇಳಬೇಡಿ," ಎಂದರು.

"ಅದ್ನ ಕೇಳಕ್ಕೆ ಬಂದಿಲ್ಲ ಕಣವ್ವ," ಎಂದರು ಬೀಗಿತಿ. "ಎದೆ ಕೇಳಕ್ಕೆ ಬಂದಿವ್ನಿ."

ಡಾಕ್ಟರು ಹುಡುಗಿಯ ಹಳೆಯ ಆಪರೇಷನ್ ವಿಚಾರವೆಲ್ಲ ಕೇಳಿಕೊಂಡರು. ಆಮೇಲೆ, "ಎರಡೂ ಕೈ ಚಾಚಮ್ಮ," ಎಂದು ಅವಳ ಅಂಗೈ, ಮಣಿಕಟ್ಟು ತಿರುಗಿಸಿ ತಿರುಗಿಸಿ ನೋಡತೊಡಗಿದರು. ಬೀಗಿತಿ ನನ್ನ ಕಿವಿಯಲ್ಲಿ, ಅಂದರೆ ಕೋಣೆಗೆಲ್ಲ ಕೇಳುವಂತೆ, "ಡಾಕ್ಟ್ರವ್ವ ಕೈ ನೋಡಿ ಸಾಸ್ತ್ರನೂ ಯೋಳ್ತರಾ? ಇದು ಗೊತ್ತಿರ್ನಿಲ್ಲ," ಅಂದರು. ಅಷ್ಟಕ್ಕೇ ಬಿಡದೆ ತಮ್ಮ ಬಲಗೈಯನ್ನೂ ಮುಂದೆ ಚಾಚಿ, "ನಂದೂ ವಸಿ ನೋಡಿ. ಆಯಸ್ಸು ರೇಕೆ ನಡುಮದ್ಯ ಕಡ್ದೋಗದೆ ಅಂತ ಒಬ್ಬ ಎದ್ರಿಸ್ಬುಟ್ಟವ್ನೆ," ಎಂದರು.

ಡಾಕ್ಟರಿಗೆ ನಗು ತಡೆಯಲಾಗಲಿಲ್ಲ. "ಅಮ್ಮ, ನಾನು ನೋಡೋದು ರೇಖೆ ಅಲ್ಲ, ಹೆಬ್ಬೆರಳು. ಮಗು ಮೂಡುವಾಗ ಹೃದಯದ ಗೋಡೆ ಕಟ್ಟೋ ಒಂದು ಜೀನು ಕೈ ಕಟ್ಟೋ ಕೆಲಸಕ್ಕೂ ಹೋಗುತ್ತೆ. ಅದರಲ್ಲಿ ತೊಂದರೆ ಇದ್ದರೆ ಹೃದಯದ ಜೊತೆ ಹೆಬ್ಬೆರಳೂ ಸ್ವಲ್ಪ ಬೇರೆ ಥರ ಇರಬಹುದು. ಅದಕ್ಕೆ ನೋಡ್ತೀವಿ. ಈ ಹುಡುಗಿ ಕೈ ಚೆನ್ನಾಗಿದೆ. ನಿಮ್ಮದು ಬೇಡ. ಹುಡುಗಿಯ ತಾಯಿ ಯಾರು? ಅವರ ಕೈ ನೋಡೋಣ."

ಬೀಗಿತಿಗೆ ತಮ್ಮ ಕೈ ಬೇಡವೆಂದದ್ದು ಅಷ್ಟಾಗಿ ಹಿಡಿಸಲಿಲ್ಲ. ಅಕ್ಕ ಮಾತ್ರ ತನ್ನ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡು ನಿಂತಿದ್ದಳು. ತೀರ್ಪಿಗೆ ಕರೆದವರ ಹಾಗೆ ಒಂದೊಂದೇ ಹೆಜ್ಜೆ ಇಟ್ಟು ಬಂದು ಚಾಚಿದಳು. ಡಾಕ್ಟರು ನೋಡಿ, ಬೆರಳು ಮಡಿಸಿ ಬಿಡಿಸಿ, "ಇವೂ ಚೆನ್ನಾಗಿವೆ," ಎಂದರು. ಅಕ್ಕ ಕೈ ಹಿಂದೆ ತೆಗೆದುಕೊಂಡರೂ ಅವಳ ಮುಖದ ಬಿಗಿ ಇಳಿಯಲಿಲ್ಲ.

ಆಮೇಲೆ ಸ್ಕ್ಯಾನು. ಪರದೆಯ ಮೇಲೆ ಬೂದು ಬಣ್ಣದ ಮೋಡಗಳು ಓಡಾಡಿದವು. ಡಾಕ್ಟರು ಸ್ಕ್ಯಾನಿನ ಹಿಡಿಯನ್ನು ಹೊಟ್ಟೆಯ ಮೇಲೆ ಈ ಕಡೆ ಒತ್ತಿದರು, ಆ ಕಡೆ ಒತ್ತಿದರು. ಮಗು ನಮ್ಮೆಲ್ಲರಿಗೂ ಬೆನ್ನು ತಿರುಗಿಸಿ ಮಲಗಿತ್ತು. ಬೆನ್ನುಮೂಳೆಯ ನೆರಳು ಬಿದ್ದು ಹೃದಯ ಕಾಣುತ್ತಿರಲಿಲ್ಲ.

"ಏನೂ ಚಿಂತೆ ಇಲ್ಲ," ಎಂದರು ಡಾಕ್ಟರು. "ಹೊರಗೆ ಹೋಗಿ ಏನಾದರೂ ಸಿಹಿ ತಿನ್ನಿ, ಸ್ವಲ್ಪ ಓಡಾಡಿ, ಆಮೇಲೆ ಬನ್ನಿ. ಮಗು ತಿರುಗುತ್ತೆ."

ಬೀಗಿತಿ ನನ್ನನ್ನು ನೋಡಿದ ನೋಟವನ್ನು ಬರೆದು ತೋರಿಸಲಾಗದು. ಹೊಸಿಲು ದಾಟುವವರೆಗೂ ಸುಮ್ಮನಿದ್ದು, ಬುಟ್ಟಿ ಎತ್ತಿ ಸೊಂಟಕ್ಕಿಟ್ಟುಕೊಂಡ ಮೇಲೆ, "ಏನವ್ವ ಮೇಡಮ್ಮೋರೆ, ಊಟ ಮಾಡಕ್ಕೆ ಬುಡಲ್ಲ ಅಂದ್ರಿ? ಡಾಕ್ಟ್ರವ್ವನೇ ಬಯಕೆ ಮಾಡ್ಸಿ ಅಂತ ಯೋಳ್ಬುಟ್ಲು," ಅಂದರು.

ಹೊಂಗೆ ಮರದ ಕೆಳಗೆ ಜಮಖಾನ ಹಾಸಿದೆವು. ಹುಡುಗಿಯನ್ನು ಪೂರ್ವಕ್ಕೆ ಮುಖ ಮಾಡಿ ಕೂರಿಸಿ ಹಸಿರು ಬಳೆ ತೊಡಿಸಿದೆವು, ಮಲ್ಲಿಗೆ ಮುಡಿಸಿದೆವು. ಬಾಳೆಲೆ ಮೇಲೆ ಒಬ್ಬಟ್ಟು, ಹುಳಿಯನ್ನ, ಮೊಸರನ್ನ, ಕೋಡುಬಳೆ, ಕಜ್ಜಾಯ. ಅಳಿಯ ನಿದ್ದೆ ಕೊಡವಿಕೊಂಡು ತಾಯಿಯ ಕೈ ಕೆಳಗೆ ಬಡಿಸುವ ಕೆಲಸಕ್ಕೆ ನಿಂತ. ಬಂದುಹೋಗುವವರೆಲ್ಲ ನಮ್ಮನ್ನು ದಾಟುವಾಗ ನಿಧಾನ ಮಾಡುತ್ತಿದ್ದರು. ಬೀಗಿತಿ ಒಬ್ಬರನ್ನೂ ಬರಿಗೈಯಲ್ಲಿ ಕಳಿಸಲಿಲ್ಲ. ಎದುರು ಬೆಂಚಿನ ಬಸುರಿಯೊಬ್ಬಳಿಗೆ ಎರಡು ಕಜ್ಜಾಯ ಸಿಕ್ಕಿತು.

"ಹುಳಿಯನ್ನಕ್ಕೆ ಉಪ್ಪಾಕೋದು ಯಲಿಯೂರಲ್ಲಿ ನಿಲ್ಸವ್ರಾ ಬೀಗ್ತಿ?" ಎಂದರು ಬೀಗಿತಿ, ಒಂದು ತುತ್ತು ಬಾಯಿಗಿಟ್ಟು.

"ಆಕಿವ್ನಿ. ಕೊಪ್ಪದೋರ ನಾಲ್ಗೆಗೆ ಮೂಟೆ ಉಪ್ಪು ಬೇಕು ಅಂತ ಗೊತ್ತಿರ್ನಿಲ್ಲ," ಎಂದಳು ಅಕ್ಕ.

"ನಿನ್ನ ಮಗಳು ನಮ್ಮನೆ ಉಪ್ಪು ತಿಂದೇ ಇಂಗೆ ಮೈ ತುಂಬ್ಕಂಡಿರೋದು ಕಣವ್ವ."

ಹುಡುಗಿ ಇಬ್ಬರ ನಡುವೆ ಕೂತು ಎರಡೂ ಕಡೆಯದನ್ನು ತಿನ್ನುತ್ತಿದ್ದಳು. ತುಸು ಹೊತ್ತು ಎಲ್ಲರೂ ಬಂದ ಕೆಲಸವನ್ನೇ ಮರೆತಂತಿತ್ತು. ಬೀಗಿತಿಯೇ ಮತ್ತೆ ಎತ್ತಿದರು.

"ಅಲ್ಲ, ಆ ಡಾಕ್ಟ್ರವ್ವ ಜೀನು ಅಂದ್ಲಲ್ಲ, ಎದೆನೂ ಕಟ್ತದೆ ಕೈನೂ ಕಟ್ತದೆ ಅಂತ. ಅದೇನವ್ವ ಅದು?"

ಕಾಲೇಜಿನಲ್ಲಾದರೆ ಕಪ್ಪು ಹಲಗೆ ಇರುತ್ತದೆ. ಇಲ್ಲಿ ಬಾಳೆಲೆ ಇತ್ತು. "ನಿಮ್ಮ ನಾಲೆಗೆ ನೀರುಗಂಟಿ ಇದಾನಲ್ಲ..." ಎಂದು ಶುರು ಮಾಡಿದೆ. ಯಾವ ಗದ್ದೆಗೆ ಯಾವಾಗ ನೀರು ಬಿಡಬೇಕೆಂದು ತೂಬು ತೆಗೆದು ಮುಚ್ಚುವವನು ಅವನು.

"ಉಣ್ಣೋ ಒತ್ನಲ್ಲಿ ಅವ್ನ ಸುದ್ದಿ ಎತ್ಬ್ಯಾಡಿ."

"ಅವನಲ್ಲ, ಅವನಂಥವನು. ಜೀನು ಕೂಡ ಹಾಗೇ. ಅದು ತಾನೇ ಹೃದಯ ಆಗಲ್ಲ. ಯಾವ ಕಣ ಯಾವಾಗ ಏನು ಮಾಡಬೇಕು ಅಂತ ತೂಬು ತೆಗೆಯುತ್ತೆ, ಮುಚ್ಚುತ್ತೆ. ಒಂದು ತೆಗೆದ ಮೇಲೆ ಇನ್ನೊಂದು."

ಬೀಗಿತಿ ತುತ್ತನ್ನು ಕೈಯಲ್ಲೇ ಹಿಡಿದು ಯೋಚಿಸಿದರು. "ಅಂಗಾರೆ ನನ್ನ ಮೊಮ್ಮಗಿನ ಎದೇಲೂ ಒಬ್ಬ ನೀರುಗಂಟಿ ಅವ್ನೆ ಅನ್ನಿ. ಕೆಟ್ಟೋಯ್ತು ಬುಡಿ."

"ಒಬ್ಬ ಅಲ್ಲ, ನೂರಾರು ಜನ."

"ಅಯ್ಯೋ ನನ್ನವ್ವ," ಎಂದು ತಲೆ ಮೇಲೆ ಕೈ ಇಟ್ಟುಕೊಂಡರು. ಮಗ ನಗುತ್ತಾ ಅವರ ಎಲೆಗೆ ಇನ್ನೊಂದು ಒಬ್ಬಟ್ಟು ಹಾಕಿದ.

"ಪ್ರತಿ ಕೆಲಸಕ್ಕೂ ಇಬ್ಬಿಬ್ಬರು ಇರ್ತಾರೆ. ಒಬ್ಬನನ್ನ ತಾಯಿ ಕೊಡ್ತಾಳೆ, ಒಬ್ಬನನ್ನ ತಂದೆ. ಒಬ್ಬ ನಿದ್ದೆ ಹೊಡೆದರೂ ಎಷ್ಟೋ ಸಲ ಇನ್ನೊಬ್ಬ ಕೆಲಸ ಮುಗಿಸಿರ್ತಾನೆ. ಕೆಲವು ಸಲ ಸಾಕಾಗಲ್ಲ, ಆಗ ಗೋಡೆ ಅರ್ಧಕ್ಕೆ ನಿಲ್ಲುತ್ತೆ. ಎಷ್ಟೋ ಸಲ ಯಾಕೆ ನಿಂತಿತು ಅಂತ ಓದಿದವರಿಗೂ ಗೊತ್ತಾಗಲ್ಲ. ಆದರೆ ಎಲ್ಲಾ ಕೆಲಸ ಎರಡು ತಿಂಗಳು ತುಂಬೋ ಹೊತ್ತಿಗೆ ಮುಗಿದುಹೋಗಿರುತ್ತೆ. ಆಮೇಲೆ ದೊಡ್ಡದಾಗೋದು ಅಷ್ಟೇ."

ಅಕ್ಕ ಮೊಸರನ್ನ ಕಲಸುತ್ತಿದ್ದವಳು ನಿಲ್ಲಿಸಿದಳು. "ಏಸು ತಿಂಗಳು ಅಂದೆ?"

"ಎರಡು."

"ಎಲ್ಲ ಗೋಡೆನೂವಾ?"

"ಎಲ್ಲ ಗೋಡೆನೂ. ಆಗ ಎದ್ದರೆ ಎದ್ದಿತು, ಇಲ್ಲದಿದ್ದರೆ ಇಲ್ಲ."

ಅಕ್ಕ ಎಡಗೈ ಬೆರಳುಗಳ ಮೇಲೆ ಏನನ್ನೋ ಎಣಿಸಿದಳು. ಮತ್ತೆ ಮೊದಲಿಂದ ಎಣಿಸಿದಳು. "ಆದ್ರೆ ನಾನು ಆಲೆಮನೇಲಿ ನಿಂತಿದ್ದು ಆರು ತುಂಬಿದ್ಮೇಲೆ," ಅಂದಳು.

ನಮಗೆ ಯಾರಿಗೂ ಅರ್ಥವಾಗಲಿಲ್ಲ. ಆಗ ಹೇಳಿದಳು. ಮಗಳು ಹೊಟ್ಟೆಯಲ್ಲಿದ್ದಾಗ ಮನೆಯ ಕಬ್ಬು ಅರೆಯುತ್ತಿದ್ದರಂತೆ. ಕೆಲಸದವರು ಬರದ ಒಂದು ದಿನ ಕೊಪ್ಪರಿಗೆಯ ಒಲೆಗೆ ಇವಳೇ ಕಬ್ಬಿನ ಸಿಪ್ಪೆ ಹಾಕುತ್ತಾ ನಿಂತಿದ್ದಳಂತೆ. ಮಗು ಹುಟ್ಟಿ, ತೂತಿದೆಯೆಂದು ಗೊತ್ತಾದಾಗ, ಊರಿನ ಯಾರೋ ಮುದುಕಿ, ಆಲೆಮನೆಯ ಕಾವಿಗೆ ಮಗುವಿನ ಎದೆ ಕರಗಿ ತೂತಾಯಿತು ಎಂದಳಂತೆ. ಆ ಮುದುಕಿ ಹೇಳಿ ಮರೆತಳು. ಅಕ್ಕ ಮರೆಯಲಿಲ್ಲ. ಅಂದಿನಿಂದ ಆಲೆಮನೆಯೊಳಕ್ಕೆ ಕಾಲಿಟ್ಟವಳಲ್ಲ. ಬಿಸಿ ಬೆಲ್ಲ ಎಂದರೆ ಪ್ರಾಣ ಬಿಡುತ್ತಿದ್ದವಳು ಮತ್ತೆ ಅದನ್ನು ಬಾಯಿಗಿಟ್ಟವಳಲ್ಲ. ಬೆಳಿಗ್ಗೆ ಕಾರಿನಲ್ಲಿ ಸೆರಗು ಮುಚ್ಚಿಕೊಂಡದ್ದು ಕೆಮ್ಮಿಗಲ್ಲ ಎಂದು ನನಗೆ ಆಗ ತಿಳಿಯಿತು. ಒಂದೇ ಜಗಲಿಯಲ್ಲಿ ಬೆಳೆದವರು ನಾವು, ನನಗೂ ಹೇಳಿರಲಿಲ್ಲ.

"ಆರು ತುಂಬಿದ ಮೇಲೆ ನೀನು ಒಲೆ ಮುಂದೆ ನಿಂತಿದ್ದಕ್ಕೂ ಆ ತೂತಿಗೂ ಸಂಬಂಧನೇ ಇಲ್ಲ ಕಣಕ್ಕ," ಎಂದೆ. "ಅಷ್ಟೊತ್ತಿಗೆ ಅದು ಆಗಿ ನಾಲ್ಕು ತಿಂಗಳಾಗಿತ್ತು."

"ನಿಜ್ವಾಗ್ಲೂ?"

"ನಿಜ."

"ನೀನು ಸಮಾದಾನಕ್ಕೆ ಯೋಳ್ತಾ ಇಲ್ಲ ತಾನೆ? ಅಜ್ಜಿ ಮೇಲಾಣೆ?"

"ಅಜ್ಜಿ ಮೇಲಾಣೆ."

ಹುಡುಗಿ ತಾಯಿಯ ಮುಖವನ್ನೇ ನೋಡುತ್ತಿದ್ದಳು. "ಅವ್ವ, ನನ್ಗ್ಯಾಕೆ ಯೋಳ್ಲಿಲ್ಲ?" ಎಂದಳು.

"ಏನಂತ ಯೋಳ್ಲಿ ಮಗ? ನಿನ್ನೆದೆ ನಾನೇ ಸುಟ್ಟೆ ಅಂತ ಯೋಳ್ಲಾ?"

ಬೀಗಿತಿ ಕೈ ತೊಳೆಯದೆಯೇ ಅಕ್ಕನ ಭುಜ ಹಿಡಿದು ಅಲ್ಲಾಡಿಸಿದರು. "ನಿನ್ಗೇನು ಬುದ್ದಿಗಿದ್ದಿ ಅದಾ ಬೀಗ್ತಿ? ಆಲೆಮನೆ ಕಾವಿಗೆ ಎದೆ ಕರ್ಗೋದಾಗಿದ್ರೆ ಮಂಡ್ಯ ಜಿಲ್ಲೇಲಿ ಒಬ್ರಿಗಾರ ಎದೆ ಇರ್ತಿತ್ತಾ? ನಾನು ಇವ್ನ ಎತ್ತಿದ್ದೇ ಆಲೆಮನೆ ಪಕ್ಕದ ಕೊಟ್ಗೇಲಿ. ನೋಡು, ಎಂಗವ್ನೆ ಗೂಳಿ ಅಂಗೆ."

ಗೂಳಿ ಕೋಡುಬಳೆ ಕಡಿಯುತ್ತಾ ನಿಂತಿದ್ದ. ಅಕ್ಕ ಅವನನ್ನು ನೋಡಿ ನಗತೊಡಗಿದಳು. ಕಣ್ಣಲ್ಲಿ ನೀರು ಬರುತ್ತಿತ್ತು, ನಗು ನಿಲ್ಲುತ್ತಿರಲಿಲ್ಲ. ಹುಡುಗಿಯೂ ನಕ್ಕಳು, ಹೊಟ್ಟೆ ಹಿಡಿದುಕೊಂಡು ನಕ್ಕಳು. "ತಿರ್ಗ್ತು," ಎಂದಳು ಇದ್ದಕ್ಕಿದ್ದಂತೆ. "ಚಿಕ್ಕವ್ವ, ಒಳ್ಗೆ ಏನೋ ಹೊಳ್ಳಾಕ್ತು."

ಇನ್ನು ಓಡಾಡುವ ಪ್ರಶ್ನೆ ಇರಲಿಲ್ಲ. ಎಲೆ ಮಡಿಸಿ, ಕೈ ತೊಳೆದು, ಮತ್ತೆ ಒಳಗೆ ಹೋದೆವು.

ಈ ಸಲ ಮಗು ನಮ್ಮ ಕಡೆಗೆ ಎದೆ ಕೊಟ್ಟು ಮಲಗಿತ್ತು. ಪರದೆಯ ನಡುವೆ ಚಿಕ್ಕದೊಂದು ಹೂವು ಅರಳುತ್ತಾ ಮುಚ್ಚುತ್ತಾ ಇತ್ತು. ವರ್ಷ ವರ್ಷ ಹಲಗೆ ಮೇಲೆ ನಾಲ್ಕು ಕೋಣೆ ಬರೆದು ಬಾಣದ ಗುರುತು ಹಾಕಿದವಳು ನಾನು. ಆದರೆ ನಮ್ಮ ಮನೆಯದೇ ನಾಲ್ಕು ಕೋಣೆ ಹೀಗೆ ಕಣ್ಣೆದುರು ದಡಬಡ ಓಡುವುದನ್ನು ನೋಡಿದಾಗ ಒಂದರ ಹೆಸರೂ ನೆನಪಿಗೆ ಬರಲಿಲ್ಲ. ಡಾಕ್ಟರು ಒಂದು ಗುಂಡಿ ಒತ್ತಿದರು. ರಕ್ತ ಹರಿಯುವ ದಾರಿ ಕೆಂಪು, ನೀಲಿ ಬಣ್ಣದಲ್ಲಿ ತೋರಿತು.

ದಿನವೂ ದೀಪದ ಬೋರ್ಡುಗಳ ಮುಂದೆ ಕೂರುವ ಅಳಿಯನ ಕಣ್ಣಿಗೆ ಅದು ಮೊದಲು ಬಿತ್ತು. ಬಣ್ಣ ಒಂದು ಕೋಣೆಯಿಂದ ಇನ್ನೊಂದಕ್ಕೆ ಗೋಡೆ ದಾಟಿ ಹೋಗುತ್ತಿತ್ತು. ಅವನು ಹೆಂಡತಿಯ ಕೈ ಹಿಡಿದ. ಅವಳು ಅವನ ಮುಖ ನೋಡಿದಳು, ಆಮೇಲೆ 'ಹೇಳು' ಎನ್ನುವಂತೆ ನನ್ನ ಮುಖ ನೋಡಿದಳು. ನನಗೆ ಗೊತ್ತಿತ್ತು, ಗೊತ್ತಿರಲೇಬೇಕಾದ ವಿಷಯ. ಆದರೂ ನಾನು ಡಾಕ್ಟರ ಮುಖ ನೋಡಿದೆ.

"ದಾಟ್ತಾ ಅದಲ್ವಾ ಅಲ್ಲಿ?" ಎಂದ ಅವನೇ, ಕೊನೆಗೆ.

"ದಾಟಬೇಕು," ಎಂದರು ಡಾಕ್ಟರು, ಪರದೆಯಿಂದ ಕಣ್ಣು ತೆಗೆಯದೆ. "ಅದು ಮೇಲಿನ ಎರಡು ಕೋಣೆಗಳ ನಡುವಿನ ಗೋಡೆ. ಹೊಟ್ಟೆಯಲ್ಲಿರುವ ಎಲ್ಲಾ ಮಕ್ಕಳಿಗೂ ಅಲ್ಲೊಂದು ಕಂಡಿ ಬಿಟ್ಟಿರುತ್ತೆ. ಮಗು ಇನ್ನೂ ಉಸಿರಾಡ್ತಾ ಇಲ್ಲ, ಶ್ವಾಸಕೋಶಕ್ಕೆ ಈಗ ಹೆಚ್ಚು ರಕ್ತ ಬೇಡ. ಅದಕ್ಕೆ ಅಡ್ಡದಾರಿ. ಹುಟ್ಟಿ ಉಸಿರು ಎಳೆದುಕೊಂಡ ಮೇಲೆ ಆ ಕಂಡಿ ತಾನಾಗಿ ಮುಚ್ಚಿಕೊಳ್ಳುತ್ತೆ. ನಿಮ್ಮ ಹೆಂಡತಿಗೆ ತೂತು ಇದ್ದದ್ದು ಇಲ್ಲಿ, ಕೆಳಗಿನ ಗೋಡೆಯಲ್ಲಿ. ನೋಡಿ, ಈ ಮಗುವಿಗೆ ಕೆಳಗಿನ ಗೋಡೆ ಪೂರ್ತಿ ಇದೆ."

ಯಂತ್ರದೊಳಗಿಂದ ಬರುತ್ತಿದ್ದ ಬಡಿತ ಕೇಳುತ್ತಿತ್ತು.

"ಮೇಲ್ಗದ್ದೇಗೆ ನೀರು ಬ್ಯಾಡ ಅಂದ್ರೆ ಬದದಲ್ಲಿ ಕಂಡಿ ಬುಟ್ಟು ಪಕ್ಕದ್ದಕ್ಕೆ ಕಳ್ಸಲ್ವಾ, ಅಂಗೆ ಅನ್ನಿ," ಎಂದರು ಬೀಗಿತಿ. ಅವರ ದನಿ ನಾನು ಮೊದಲ ಸಲ ಅಷ್ಟು ಸಣ್ಣದಾಗಿ ಕೇಳಿದೆ.

"ಹೂಂ, ಹಾಗೇ."

"ಆ ಕಂಡಿ ಮುಚ್ಕಳದು ಮರ್ತ್ರೆ?"

"ಎಷ್ಟೋ ಜನರಲ್ಲಿ ಮರೆಯುತ್ತೆ. ಮರೆತರೂ ಹೆಚ್ಚಿನವರಿಗೆ ಏನೂ ತೊಂದರೆ ಆಗಲ್ಲ. ಇನ್ನೊಂದು ಮಾತು, ತೀರಾ ಸಣ್ಣ ತೂತು ಈಗ ನನ್ನ ಕಣ್ಣಿಗೂ ಬೀಳದೆ ಹೋಗಬಹುದು. ಅದಕ್ಕೆ ಹುಟ್ಟಿ ಕೆಲವು ತಿಂಗಳಾದ ಮೇಲೆ ಒಮ್ಮೆ ಕರಕೊಂಡು ಬನ್ನಿ, ಎಲ್ಲಾ ನೋಡಿಬಿಡೋಣ. ಈಗಂತೂ ಮಗುವಿನ ಹೃದಯ ಚೆನ್ನಾಗಿ ಮೂಡಿದೆ."

ಹುಡುಗಿ ಮಲಗಿದಲ್ಲೇ ಕಣ್ಣು ಮುಚ್ಚಿ ಉದ್ದಕ್ಕೆ ಉಸಿರು ಬಿಟ್ಟಳು. ಹೊಸ ಬಳೆಗಳು ಸದ್ದು ಮಾಡಿದವು. ಬೀಗಿತಿ ಹೊರಗೆ ಹೋಗಿ ಬುಟ್ಟಿಯ ತಳದಲ್ಲಿ ಉಳಿದಿದ್ದ ಒಬ್ಬಟ್ಟನ್ನೆಲ್ಲ ತಂದು ಡಾಕ್ಟರ ಮೇಜಿನ ಮೇಲಿಟ್ಟರು. ಈಗ ತಿನ್ನುವ ಹೊತ್ತಲ್ಲ ಎಂದು ಡಾಕ್ಟರು ಹೇಳಿ ನೋಡಿದರು. "ಬಸುರಿಗೆ ಸಿಹಿ ತಿನ್ನು ಅಂತ ಯೋಳೋರು ಮೊದ್ಲು ತಾವು ತಿನ್ಬೇಕು," ಎಂದರು ಬೀಗಿತಿ. ಡಾಕ್ಟರು ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡರು. ನಾವು ಬಾಗಿಲು ದಾಟುವಾಗ ಎರಡನೇ ಚೂರು ಮುರಿಯುತ್ತಿದ್ದರು.

ವಾಪಸು ಬರುವಾಗ ಅಳಿಯನ ಬೈಕು ನಮ್ಮ ಕಾರಿನ ಹಿಂದೆಯೇ ಮದ್ದೂರಿನವರೆಗೂ ಬಂತು. ಅವನು ಮಳವಳ್ಳಿಗೆ ತಿರುಗುವ ಕಡೆ ನಿಲ್ಲಿಸಿ ಎಲ್ಲರಿಗೂ ವಡೆ ಕೊಡಿಸಿದ. ಬಯಕೆ ಊಟ ಉಂಡು ಎರಡು ಗಂಟೆಯೂ ಆಗಿರಲಿಲ್ಲ, ಆದರೂ ಎಲ್ಲರೂ ತಿಂದೆವು. "ಗ್ರಿಡ್ಡೇ ಇಲ್ದೆ, ಕಣವ್ವ," ಎಂದು ಅವನು ತಾಯಿಗೆ ವಿವರಿಸುತ್ತಿದ್ದ. "ನಿಮ್ಮಪ್ಪನೂ ಅಂಗೇ ಕಣ್ಲಾ, ಯಾರೂ ಎಬ್ಬಿಸ್ದೆ ಒಬ್ನೇ ಏಳ್ತಿದ್ದ," ಎಂದರು ಅವರು.

ಮಗು ಹುಟ್ಟಿತು, ಹೆಣ್ಣು. ಕೆಲವು ತಿಂಗಳ ಮೇಲೆ, ಮತ್ತೆ ಕಬ್ಬು ಅರೆಯುವ ಕಾಲದಲ್ಲಿ, ಅದನ್ನು ಮಂಡ್ಯಕ್ಕೆ ಕರೆದೊಯ್ದು ಅದೇ ಡಾಕ್ಟರಿಗೆ ತೋರಿಸಿದೆವು. ಮೇಲಿನ ಕಂಡಿ ಮುಚ್ಚಿಕೊಂಡಿತ್ತು. ಬೇರೆ ತೂತು ಎಲ್ಲಿಯೂ ಇರಲಿಲ್ಲ. ಡಾಕ್ಟರು ಮಗುವಿನ ಹೆಬ್ಬೆರಳುಗಳನ್ನೂ ನೋಡಿದರು. ಮಗು ಅವರ ಬೆರಳು ಹಿಡಿದುಕೊಂಡು ಬಿಡಲಿಲ್ಲ. ಬೀಗಿತಿಯ ಗದ್ದೆಗೆ ಆ ದಿನ ನೀರಿನ ಸರದಿ ಇತ್ತು, ಅದಕ್ಕೆ ಅವರು ಬಂದಿರಲಿಲ್ಲ. ಫೋನಿನಲ್ಲಿ ಸುದ್ದಿ ಕೇಳಿ, "ಸರಿ ಬುಡು, ಇಲ್ಲಿ ಇನ್ನೂ ನೀರು ಬುಟ್ಟಿಲ್ಲ ಆ ಮಾರಾಯ," ಅಂದರು.

ಕೊಪ್ಪಕ್ಕೆ ಇನ್ನೂ ಸ್ವಲ್ಪ ದೂರ ಇರುವಾಗ ರಸ್ತೆ ಪಕ್ಕ ಆಲೆಮನೆಯ ಹೊಗೆ ಕಾಣಿಸಿತು. ಅಕ್ಕ ಕಾರು ನಿಲ್ಲಿಸಲು ಹೇಳಿದಳು. ಮಗುವನ್ನು ಮಗಳ ಮಡಿಲಿಗೆ ಕೊಟ್ಟು, ಚಪ್ಪಲಿ ಹೊರಗೆ ಬಿಟ್ಟು, ಒಳಗೆ ಹೋದಳು. ಬರುವಾಗ ಕಬ್ಬಿನ ಗರಿಯ ಮೇಲೆ ಅಂಟಂಟಾದ ಬಿಸಿ ಬೆಲ್ಲ ಇತ್ತು. ಕಾರಿನ ಬಾಗಿಲಲ್ಲೇ ನಿಂತು, ಊದಿ ಊದಿ, ಮೊದಲ ಚೂರನ್ನು ತಾನೇ ಬಾಯಿಗೆ ಹಾಕಿಕೊಂಡಳು. ಉಳಿದದ್ದನ್ನು ನಮಗೆ ಕೊಟ್ಟಳು.